ಬಣ್ಣ ಅಗ್ಗವಾದ ಕತೆ

ನಮ್ಮೂರ ಗದ್ದೆಯ ಹಸಿರು ಒಣಹುಲ್ಲಿನ ಬಣ್ಣಕ್ಕೆ ತಿರುಗೋಕೆ ತಿಂಗಳುಗಟ್ಟಲೆ ಬೇಕು. ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಅಷ್ಟು ಕಾಯುವಂತಿರಲಿಲ್ಲ. 1999ರಲ್ಲಿ ಅವರು ಅಮೆರಿಕದ ಮಿಸ್ಸಿಸ್ಸಿಪ್ಪಿಯಲ್ಲಿ ಕೋಯೆನ್ ಸಹೋದರರ 'ಓ ಬ್ರದರ್, ವೇರ್ ಆರ್ಟ್ ದೌ?' ಚಿತ್ರೀಕರಿಸುತ್ತಿದ್ದರು. ಕತೆಗೆ ಬೇಕಿದ್ದದ್ದು 1930ರ ದಶಕದ ಧೂಳು ಹಿಡಿದ ಹಳದಿ ನಾಡು. ಆದರೆ ಅಲ್ಲಿ ಬೇಸಿಗೆಯೇ ಹಸಿರಿನ ಕಾಲ.

ಅಲ್ಲಿಯವರೆಗೆ ಸಿನಿಮಾದ ಬಣ್ಣ ತಿದ್ದೋದು ಹೆಚ್ಚಾಗಿ ಲ್ಯಾಬಿನ ಕೆಲಸ. ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. ಎಲೆ ಹಳದಿ ಮಾಡೋಕೆ ಹೋದರೆ ಮುಖ, ಆಕಾಶ ಎಲ್ಲವೂ ಹಳದಿ! ಅದಕ್ಕೇ ಡೀಕಿನ್ಸ್ ತಂಡ ಫಿಲ್ಮನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹಸಿರನ್ನಷ್ಟೇ ಹಿಡಿದು ಒಣಗಿಸಿ, ಮತ್ತೆ ಫಿಲ್ಮಿಗೆ ಇಳಿಸಿತು. ಇಡೀ ಚಿತ್ರದ ಬಣ್ಣವನ್ನು ಹೀಗೆ ತಿದ್ದಿದ ಮೊದಲ ಹಾಲಿವುಡ್ ಚಿತ್ರಗಳಲ್ಲಿ ಅದೂ ಒಂದು.

ಟೀವಿ, ಜಾಹೀರಾತುಗಳ ಬಣ್ಣ ತಿದ್ದುವ ಯಂತ್ರಗಳು 1980ರ ದಶಕದಲ್ಲೇ ಇದ್ದವು. ಅವುಗಳಲ್ಲಿ ಡಾ ವಿಂಚಿ ಸಿಸ್ಟಮ್ಸ್‌ನದು ದೊಡ್ಡ ಹೆಸರು. ಆ ಕಂಪನಿಯ 'ರಿಸಾಲ್ವ್' ಮೊದಲು ಬಂದಾಗ ಬೆಲೆ ಲಕ್ಷಾಂತರ ಡಾಲರ್. ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಎಟುಕುವ ಮಾಲು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಆ ಕಂಪನಿಯನ್ನು ಕೊಂಡಿತು. 2010ರಲ್ಲಿ ಮ್ಯಾಕ್‌ಗೆ ಬಂದ ರಿಸಾಲ್ವ್ ಬೆಲೆ 995 ಡಾಲರ್. 2011ರಲ್ಲಿ ಬಂದ ಲೈಟ್ ಆವೃತ್ತಿ ಪೂರ್ತಿ ಉಚಿತ! ಗೇಮ್ ಆಡೋ ಗ್ರಾಫಿಕ್ಸ್ ಕಾರ್ಡುಗಳು ಅಷ್ಟು ಲೆಕ್ಕ ಮಾಡುವಷ್ಟು ಬೆಳೆದಿದ್ದವು ಅನ್ನೋದೂ ಇದಕ್ಕೆ ಕಾರಣ. ಮುಂದೆ ಎಡಿಟಿಂಗ್ ಬಲವಾಯಿತು, 2017ರಲ್ಲಿ ಧ್ವನಿ, 2018ರಲ್ಲಿ ವಿಷುಯಲ್ ಎಫೆಕ್ಟ್ಸ್, ಎಲ್ಲವೂ ಅದರೊಳಗೇ ಸೇರಿದವು.

ಹಾಗೆ ಅದು ನನ್ನ ಲ್ಯಾಪ್‌ಟಾಪಿಗೂ ಬಂತು. ತಂಗಿಯ ಮದುವೆಯ ವಿಡಿಯೋ ಎಡಿಟ್ ಮಾಡುವಾಗ 'ಚೆನ್ನಾಗಿ ಕಾಣಲಿ' ಅಂತ ಅಮ್ಮನ ಮುಖದ ಸುತ್ತ ಒಂದು ವಿಂಡೋ ಎಳೆದೆ. ಅಮ್ಮ ತಿರುಗಿದರೆ ಅದೂ ಜೊತೆಗೇ ಸರಿಯುತ್ತಿತ್ತು. ಬೆಳಕು ಏರಿಸಿದೆ, ಬಣ್ಣ ತಿಳಿ ಮಾಡಿದೆ. ಊರಿಗೆ ಹೋಗಿ ತೋರಿಸಿದಾಗ ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದ್ಯಾರೋ, ನನ್ ಸೀರೆ ಉಟ್ಕೊಂಡಿರೋಳು?" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೊಲದ ಬಿಸಿಲಿನಲ್ಲಿ ದುಡಿದು ನನ್ನನ್ನು ಬಿಇ ಓದಿಸಿದ ಮುಖ ಅದು.

ರಿಸಾಲ್ವ್‌ನ ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮದ ಬಣ್ಣಕ್ಕೆಂದೇ ಒಂದು ಗೆರೆ ಇದೆ. ಬೆಳ್ಳಗಿನವರು, ಕಪ್ಪಗಿನವರು, ಹೆಚ್ಚುಕಡಿಮೆ ಎಲ್ಲರ ಚರ್ಮವೂ ಅದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತೆ. ಎದ್ದು ಕಾಣೋ ವ್ಯತ್ಯಾಸವೆಲ್ಲ ಬಹುಪಾಲು ಬೆಳಕಿನ ಪ್ರಮಾಣದ್ದು. ಅಮ್ಮನ ಮೂಲ ದೃಶ್ಯ ತೆಗೆದು ನೋಡಿದೆ. ಗೆರೆಯ ಮೇಲೆ ಸರಿಯಾಗೇ ಕೂತಿತ್ತು. ತಿದ್ದೋಕೆ ಅಲ್ಲಿ ಏನೂ ಇರಲಿಲ್ಲ.

ಅವತ್ತು ರಾತ್ರಿಯೇ ಆ ನೋಡ್ ಡಿಲೀಟ್ ಮಾಡಿ, ವಿಡಿಯೋ ಮತ್ತೆ ರೆಂಡರ್‌ಗೆ ಹಾಕಿದೆ.