ಹಬ್ಬ ಕಳೆದ ಮೇಲಿನ ಶ್ರದ್ಧೆ

ಡಿಸೆಂಬರ್ ತಿಂಗಳ ಕೊನೆಯಲ್ಲಿ ನಮ್ಮ ರಾಮಕೃಷ್ಣನಗರದ ಕ್ರೈಸ್ತ ಬಂಧುಗಳ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅವು ಇಳಿದಿರುತ್ತವೆ. ಪೂರ್ವದೇಶದ ಮೂವರು ಜ್ಞಾನಿಗಳು ಶಿಶುವಾದ ಯೇಸುವನ್ನು ದರ್ಶನಮಾಡಿದ ಹಬ್ಬ ಜನವರಿ 6ಕ್ಕೆ ಬರುತ್ತದೆ. ಅದು ಕಳೆದ ಮೇಲೆ ವಿಭೂತಿ ಬುಧವಾರ ಬಂದು ತಪಸ್ಸುಕಾಲ ಮೊದಲಾಗುವವರೆಗೆ ಸಂಭ್ರಮವಿಲ್ಲದ ಕೆಲವು ವಾರಗಳುಂಟು. ಹಬ್ಬದ ಬೆಳಕಿನಲ್ಲಿ ಧರ್ಮಶ್ರದ್ಧೆ ಎಲ್ಲರ ಕಣ್ಣಿಗೂ ಬೀಳುತ್ತದೆ. ದೀಪ ಆರಿದ ಮೇಲೆ ಅದನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗೆ ನಮ್ಮ ಮೈಸೂರು ಸೀಮೆಯ ಚರಿತ್ರೆಯೇ ಒಂದು ಉತ್ತರವನ್ನು ಇಟ್ಟುಕೊಂಡಿದೆ.

1784ರ ಫೆಬ್ರವರಿ ಕೊನೆ. ವಿಭೂತಿ ಬುಧವಾರದ ಸುಮಾರು. ಕ್ರಿಸ್ತಜಯಂತಿ ಕಳೆದು ಎರಡೇ ತಿಂಗಳಾಗಿತ್ತು. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕೆನರಾ ಕರಾವಳಿಯ ಕ್ಯಾಥೊಲಿಕರು ಶತ್ರುಗಳಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎಂದರೆ, ಮತ್ತೆ ಕೆಲವರು 80,000 ಎನ್ನುತ್ತಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಮಡಿದರು. ಅನೇಕರು ಬಲಾತ್ಕಾರದಿಂದ ಮತವನ್ನು ಬಿಡಬೇಕಾಯಿತು. 1799ರ ಮೇ 4ರಂದು ಪಟ್ಟಣ ಬಿದ್ದಾಗ, ಸೆರೆ ಮೊದಲಾಗಿ ಹದಿನೈದು ವರ್ಷಗಳಾಗಿದ್ದವು. ಉಳಿದವರಲ್ಲಿ ಹಲವರು ಮಂಗಳೂರಿಗೆ ಹಿಂದಿರುಗಿದರು. ಮೈಸೂರು ಸೀಮೆಯ ಕ್ರೈಸ್ತಸಮಾಜವು ಮಾತ್ರ ಚದುರಿ ಚೂರಾಗಿತ್ತು.

ಆ ಸಮಾಜವನ್ನು ಮತ್ತೆ ಕಟ್ಟುವುದಕ್ಕಾಗಿ ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಗಳು. ಪ್ಯಾರಿಸ್ ನಗರದ ವಿದೇಶ ಮಿಷನ್ ಸಂಘಕ್ಕೆ ಸೇರಿದ ಇವರು 1792ರಲ್ಲಿ ಸ್ವದೇಶವನ್ನು ಬಿಟ್ಟವರು. ನಮ್ಮವರ ಉಡುಪನ್ನೇ ಉಟ್ಟು, ನಮ್ಮವರ ನಡೆಯನ್ನೇ ನಡೆದು, ಜನರಿಂದ ‘ದೊಡ್ಡಸ್ವಾಮಿಯೋರು’ ಎಂದು ಕರೆಯಿಸಿಕೊಂಡರು. ಅವರು ಕೈಗೊಂಡ ಕೆಲಸಗಳನ್ನು ನೋಡಿದರೆ ಅವುಗಳಲ್ಲಿ ಉತ್ಸವದ ಭಾಗ ಬಹು ಸ್ವಲ್ಪ. ದಿಕ್ಕಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯವೇ ಆಧಾರವಾಗಲೆಂದು ಒಕ್ಕಲು ಊರುಗಳನ್ನು ನೆಲೆಗೊಳಿಸಿದರು. ಹಾಸನದ ಬಳಿಯ ಸಾತಳ್ಳಿ ಇವುಗಳಲ್ಲಿ ಮುಖ್ಯವಾದುದು. ಹಸಿದವನಿಗೆ ಉಪದೇಶಕ್ಕಿಂತ ಮೊದಲು ಉಳುವ ನೆಲ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು.

ಇನ್ನೊಂದು ಕೆಲಸ ಸಿಡುಬಿಗೆ ಸಂಬಂಧಪಟ್ಟದ್ದು. ಜೆನ್ನರನು ತನ್ನ ಲಸಿಕೆಯ ವಿಧಾನವನ್ನು 1798ರಲ್ಲಿ ಪ್ರಕಟಿಸಿದನು; 1802ರಲ್ಲಿ ಅದು ಮುಂಬಯಿಗೆ ಬಂದಿತು. ಮರುವರ್ಷ, 1803-04ರಲ್ಲಿಯೇ, ದುಬಾಯ್ ಅವರು ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ನಿಂತರು. 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಿಸಿದ ಲೆಕ್ಕವಿದೆ. ಸಿಡುಬನ್ನು ಅಮ್ಮನ ಮುನಿಸೆಂದು ನಂಬಿ, ಬೇವಿನ ಸೊಪ್ಪು ಕಟ್ಟಿ ಹರಕೆ ಹೊರುತ್ತಿದ್ದ ಕಾಲವದು. ಆರೋಗ್ಯವಾಗಿರುವ ಮಗುವಿನ ತೋಳನ್ನು ಗೀರಲು ತಾಯಿಯನ್ನು ಒಪ್ಪಿಸುವುದು ಒಂದು ದಿನದ ಆವೇಶದಿಂದ ಆಗುವ ಮಾತಲ್ಲ. ಅದಕ್ಕೆ ಮನೆಮನೆಯ ವಿಶ್ವಾಸ ಬೇಕು. ಆ ವಿಶ್ವಾಸಕ್ಕೆ ವರ್ಷಗಳ ಒಡನಾಟ ಬೇಕು.

ದುಬಾಯ್ ಅವರ ಹೆಸರು ಲೋಕಕ್ಕೆ ತಿಳಿದಿರುವುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡುಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿತು. ಆದರೆ ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸುಯಿಟ್ ಪಾದ್ರಿಯ ಬರಹವನ್ನು ಅವಲಂಬಿಸಿದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ನಮ್ಮ ಜನರ ವಿಷಯದಲ್ಲಿ ಅದರೊಳಗೆ ಬಂದಿರುವ ಕಟುವಾದ ತೀರ್ಪುಗಳನ್ನು ನಾವು ಒಪ್ಪಬೇಕಾದುದೂ ಇಲ್ಲ. ಕೀರ್ತಿ ತಂದ ಗ್ರಂಥ ಹೀಗೆ ವಿಮರ್ಶೆಗೆ ಸಿಕ್ಕಿತು. ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳ ಲೆಕ್ಕವನ್ನು ಯಾವ ವಿಮರ್ಶಕನೂ ಅಳಿಸಲಾರ.

ಇನ್ನೊಂದು ಸಂಗತಿ ಯೋಚನೆಗೆ ಹಚ್ಚತಕ್ಕದ್ದು. ದುಬಾಯ್ ಅವರು ಭಾರತವನ್ನು ಬಿಟ್ಟು ಹೊರಟುದು 1823ರ ಜನವರಿ ತಿಂಗಳಲ್ಲಿ. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗಿನ ಸ್ಥಿತಿಯಲ್ಲಿ ಸಾಧ್ಯವಿಲ್ಲವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಸಾರಿದರು. ಯಾವ ಫಲವನ್ನು ಆಶಿಸಿ ಬಂದರೋ ಆ ಫಲ ದೊರೆಯಲಿಲ್ಲವೆಂದು ಅವರೇ ಒಪ್ಪಿಕೊಂಡರು. ಆದರೂ ಮೂವತ್ತು ವರ್ಷ ನಿಂತರು. ಶ್ರದ್ಧೆಯೆಂಬುದು ಗೆಲುವನ್ನೇ ನೆಚ್ಚಿಕೊಂಡಿದ್ದರೆ ಅವರು ಬಹು ಹಿಂದೆಯೇ ಹಡಗು ಹತ್ತಬೇಕಾಗಿತ್ತು. ಗೆಲ್ಲದ ಕೆಲಸದ ನಡುವೆಯೂ ಊರಿನ ರೋಗವನ್ನು, ಊರಿನ ಹಸಿವನ್ನು ಮರೆಯದೆ ಇದ್ದುದೇ ಅವರ ಧರ್ಮಜೀವನದ ಹುರುಳೆಂದು ನಮಗೆ ತೋರುತ್ತದೆ.

ಸೆರೆಯಲ್ಲಿದ್ದವರಿಗೆ ಹಬ್ಬವನ್ನು ಬಹಿರಂಗವಾಗಿ ಆಚರಿಸುವ ಭಾಗ್ಯವಿರಲಿಲ್ಲ. ಅವರಿಗಾಗಿ ಬಂದ ಪಾದ್ರಿಗಳಿಗೆ ಜಯವಿರಲಿಲ್ಲ. ಎರಡೂ ಇಲ್ಲದೆ ಉಳಿದುದನ್ನೇ ನಾವು ಶ್ರದ್ಧೆಯೆಂದು ಕರೆಯುತ್ತೇವೆ. ಇದು ಕ್ರೈಸ್ತರಿಗೆ ಮಾತ್ರ ಸಲ್ಲುವ ಪಾಠವಲ್ಲ. ಏಕಾದಶಿಯ ಮರುದಿನ, ರಂಜಾನಿನ ಮರುತಿಂಗಳು, ನಮ್ಮ ನಡತೆ ಹೇಗಿದೆಯೆಂಬ ಪ್ರಶ್ನೆ ಎಲ್ಲರಿಗೂ ಒಂದೇ. ನೆರೆಯವರ ಧರ್ಮವನ್ನು ಅರಿಯಬಯಸುವವರು ಹಬ್ಬದ ದಿನ ಅವರು ಕೊಟ್ಟ ಕಜ್ಜಾಯವನ್ನು ಸವಿಯುವಷ್ಟಕ್ಕೇ ನಿಲ್ಲದೆ, ಉಳಿದ ದಿನಗಳಲ್ಲಿ ಅವರು ಯಾರಿಗಾಗಿ ದುಡಿಯುತ್ತಾರೆಂಬುದನ್ನೂ ನೋಡಬೇಕು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದುಬಾಯ್ ಅವರ ಹೆಸರಿನೊಡನೆ ಸೇರಿಬಂದಿರುವ ಚರ್ಚು ಇಂದಿಗೂ ಇದೆ. ಆ ಕಡೆಗೆ ಹೋದವರು ಕೋಟೆಯನ್ನೂ ದರಿಯಾ ದೌಲತ್ತನ್ನೂ ನೋಡಿ ಹಿಂದಿರುಗುವ ಮುನ್ನ ಅಲ್ಲಿಗೂ ಒಮ್ಮೆ ಹೋಗಿಬರಲಿ. ಅದಕ್ಕೆ ಕ್ರಿಸ್‌ಮಸ್ ಹಬ್ಬವೇ ಆಗಬೇಕೆಂದಿಲ್ಲ.