ಗ್ಯಾರಂಟಿ ಯೋಜನೆಗಳು

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್, ಕರ್ನಾಟಕದಲ್ಲಿ ಜಾರಿಗೆ ತಂದ ಐದು ಕಲ್ಯಾಣ ಯೋಜನೆಗಳಿಗೆ ಒಟ್ಟಾಗಿ ಇರುವ ಹೆಸರು. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿಯಿದ್ದ 'ಗ್ಯಾರಂಟಿ ಕಾರ್ಡ್'ಗಳನ್ನು ಚುನಾವಣೆಗೆ ಮೊದಲೇ ಮನೆಮನೆಗೆ ಹಂಚಿದ್ದರಿಂದ ಈ ಹೆಸರು ನಿಂತಿತು.

ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ 'ಶಕ್ತಿ' ಜೂನ್ 11ರಂದೇ ಶುರುವಾಯಿತು. ನಿರ್ವಾಹಕ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾನೆ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಐರಾವತ, ರಾಜಹಂಸದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಮನೆಬಳಕೆಯ ವಿದ್ಯುತ್ತಿನ 'ಗೃಹಜ್ಯೋತಿ'ಯನ್ನು 200 ಯೂನಿಟ್ ಉಚಿತವೆಂದು ಹೇಳುವುದು ವಾಡಿಕೆ. ಲೆಕ್ಕ ಅಷ್ಟು ಸರಳವಲ್ಲ. ಆರಂಭದ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ: ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ 66. 200 ದಾಟಿದರೆ ಪೂರ್ತಿ ಬಿಲ್ಲು. 'ಅನ್ನಭಾಗ್ಯ'ದ ಹೆಚ್ಚುವರಿ 5 ಕೆ.ಜಿ. ಅಕ್ಕಿಗೆ ಕೇಂದ್ರದ ದಾಸ್ತಾನು ಸಿಗದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಅಕ್ಕಿ ಬಂದದ್ದು 2025ರಲ್ಲಿ. ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯ 'ಯುವನಿಧಿ' ಐದರಲ್ಲಿ ಕೊನೆಗೆ ಬಂದದ್ದು, ಚರ್ಚೆಗೂ ಕಡಿಮೆ ಬಂದದ್ದು.

ಹೆಚ್ಚು ಮಾತಿಗೆ ಈಡಾದದ್ದು 'ಗೃಹಲಕ್ಷ್ಮಿ'. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದವಳಿಗೆ ತಿಂಗಳಿಗೆ 2,000 ರೂಪಾಯಿ. ಅವಳೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲ. ದುಡ್ಡು ಅತ್ತೆಗೋ ಸೊಸೆಗೋ ಎಂಬ ಪ್ರಶ್ನೆ ಆರಂಭದಲ್ಲೇ ಎದ್ದಿತು. ನಗೆಚಾಟಿಕೆಗೆ ವಸ್ತುವಾದರೂ ಅದು ಹುಡುಗಾಟದ ಪ್ರಶ್ನೆಯಲ್ಲ: ಮನೆಯೊಳಗೆ ಯಜಮಾನಿಕೆ ಯಾರದೆಂದು ಸರ್ಕಾರಿ ಕಾಗದ ಹಿಂದೆಂದೂ ಇಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

ಇಂಥ ಕಲ್ಯಾಣ ಯೋಜನೆಗಳಿಗೆ ದಕ್ಷಿಣದಲ್ಲಿ ಹಳೆಯ ಬೇರುಗಳಿವೆ. ತಮಿಳುನಾಡಿನಲ್ಲಿ ಕಾಮರಾಜ್ ಕಾಲದ ಶಾಲಾ ಊಟ, ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅವರ 2 ರೂಪಾಯಿ ಅಕ್ಕಿ, ಕರ್ನಾಟಕದಲ್ಲೇ 2013ರ ಅನ್ನಭಾಗ್ಯ. ಚುನಾವಣಾ ಪ್ರಣಾಳಿಕೆಯ ಇಂಥ ಭರವಸೆ ಭ್ರಷ್ಟ ಆಚರಣೆಯಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2022ರಲ್ಲಿ ಪ್ರಶ್ನೆಯನ್ನು ತ್ರಿಸದಸ್ಯ ಪೀಠಕ್ಕೆ ಒಪ್ಪಿಸಿತು. ಅದೇ ವರ್ಷ ಪ್ರಧಾನಿ ನರೇಂದ್ರ ಮೋದಿ ಇಂಥ ಭರವಸೆಗಳನ್ನು 'ರೇವಡಿ' (ಎಳ್ಳಿನ ಮಿಠಾಯಿ) ಹಂಚಿಕೆ ಎಂದು ಟೀಕಿಸಿದರು. ಕನ್ನಡದಲ್ಲಿ ಟೀಕಾಕಾರರ ಮಾತು 'ಬಿಟ್ಟಿ ಭಾಗ್ಯ'. ಬಿಟ್ಟಿ ಎಂಬುದು ಹಿಂದೆ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಚಾಕರಿಯ ಹೆಸರು. ಅಡುಗೆ, ನೀರು, ಕೊಟ್ಟಿಗೆಯ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರ ಕೈಗೆ ಬಂದ ಹಣಕ್ಕೆ ಅದೇ ಪದ ಅಂಟಿದ್ದು ವಿಚಿತ್ರ.

ಗಟ್ಟಿಯಾದ ಆಕ್ಷೇಪ ಬೇರೆ ಕಡೆಯದು. 2024-25ರ ಬಜೆಟ್‌ನಲ್ಲಿ ಐದೂ ಯೋಜನೆಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ ರೂಪಾಯಿ, ಒಟ್ಟು ಗಾತ್ರದ ಏಳನೇ ಒಂದು ಪಾಲು. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ ಹಣವನ್ನೂ ಇದರೊಳಗೆ ಲೆಕ್ಕ ಹಾಕಿದ್ದಕ್ಕೆ ದಲಿತ ಸಂಘಟನೆಗಳು ಪ್ರತಿಭಟಿಸಿದವು. ಸರ್ಕಾರದ ಉತ್ತರ, ಫಲಾನುಭವಿಗಳಲ್ಲಿ ಆ ಸಮುದಾಯದವರೂ ಇದ್ದಾರೆ ಎಂಬುದು. ಆದರೆ ಉಪಯೋಜನೆಯ 2013ರ ಕಾಯ್ದೆ ಬಂದದ್ದೇ ಎಲ್ಲರಿಗೂ ಸಿಗುವುದಕ್ಕಿಂತ ಬೇರೆಯಾಗಿ, ಅವರಿಗೆಂದೇ ಖರ್ಚಾಗಲಿ ಎಂದು.

ಪಕ್ಷಗಳ ನಡುವಿನ ಗೆರೆ ಮಾತ್ರ ಮಸುಕಾಗಿದೆ. 2023ರಲ್ಲಿ ಬಿಜೆಪಿಯ ಪ್ರಣಾಳಿಕೆಯಲ್ಲೂ ಬಡ ಕುಟುಂಬಕ್ಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಉಚಿತ ಸಿಲಿಂಡರ್ ಇದ್ದವು. 2024ರ ಲೋಕಸಭಾ ಚುನಾವಣೆಗೆ ಅದರ ಘೋಷಣೆಯೇ 'ಮೋದಿ ಕಿ ಗ್ಯಾರಂಟಿ' ಆಯಿತು. ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 9.