ಮತ್ತೆ ಸಾಲ ಹುಟ್ಟುವ ತನಕ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ತೋಟದ ಮನೆಗಳಲ್ಲಿ ಅದು ಬರೀ ಗಾದೆಯಲ್ಲ. ಇಲ್ಲಿ ಮಾನ ಉಳಿಸಿದ್ದೂ ಅಡಿಕೆ, ಕಳೆದದ್ದೂ ಅಡಿಕೆ. ಹಳದಿ ಎಲೆ ರೋಗ ಬಂದ ತೋಟದಲ್ಲಿ ಮರ ಒಂದೇ ದಿನಕ್ಕೆ ಸಾಯೋದಿಲ್ಲ. ಸೋಗೆ ಹಳದಿಯಾಗುತ್ತದೆ, ಕಾಯಿ ಒಳಗೆ ಕಪ್ಪಾಗುತ್ತದೆ, ಫಸಲು ವರ್ಷವರ್ಷಕ್ಕೂ ಇಳಿಯುತ್ತದೆ. ಸಾಲ ಮಾತ್ರ ಇಳಿಯೋದಿಲ್ಲ.

ನಮ್ಮ ಬಳಗದ ಒಂದಿಬ್ಬರ ಮನೆಯಲ್ಲೂ ಇದೇ ಕಥೆ. ಹೇಗೋ ಜಾಗ ಮಾರಿ, ರಾಜಿ ಮಾಡಿಕೊಂಡು ಬ್ಯಾಂಕಿನ ಬಾಕಿ ಮುಗಿಸಿದ್ದಾಯಿತು. ಆಮೇಲೆ ಕಾಫಿ ಗಿಡ ಹಾಕೋಣ ಅಂತ ಹೋದರೆ ಎಲ್ಲೂ ಸಾಲ ಹುಟ್ಟಲಿಲ್ಲ. ‘ಸಿಬಿಲ್ ಸರಿ ಇಲ್ಲ’ ಅನ್ನೋದೊಂದೇ ಉತ್ತರ. ಹಾಗಾದರೆ ಹಿಂದೆ ದಿವಾಳಿಯಾದವರು ಮತ್ತೆ ಹೇಗೆ ಎದ್ದರು? ಇದನ್ನು ಹುಡುಕುತ್ತಾ ಹೋದೆವು.

ಮಂಡಿಯ ಲೆಕ್ಕ

ಒಂದು ಕಾಲದಲ್ಲಿ ಬೆಳೆಗಾರರಿಗೆ ಬ್ಯಾಂಕ್ ಅಂದರೆ ಮಂಡಿ ಸಾಹುಕಾರರೇ. ಮಳೆಗಾಲದಲ್ಲಿ ಅವರಿಂದ ಮುಂಗಡ, ಕೊಯ್ಲಾದ ಮೇಲೆ ಅವರಿಗೇ ಅಡಿಕೆ. ದರ ಅವರದ್ದು, ತೂಕ ಅವರದ್ದು, ಬಡ್ಡಿಯೂ ಅವರದ್ದು. ಲೆಕ್ಕದ ಪುಸ್ತಕದಲ್ಲಿ ಹೆಸರು ಕೆಟ್ಟರೆ ಮುಂದಿನ ಮಳೆಗಾಲ ಕಷ್ಟ.

ಈ ಭಾಗ ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1928ರಲ್ಲಿ ಬಂದ ಕೃಷಿಕರ ಪರಿಹಾರ ಕಾಯ್ದೆಯಿಂದ ರೈತರ ಸಾಲದ ಹಳೇ ಲೆಕ್ಕ ಬಿಚ್ಚಿ ನೋಡುವ, ಕಂತು ಕಟ್ಟಿಕೊಡುವ ಅಧಿಕಾರ ಕೋರ್ಟಿಗೆ ಸಿಕ್ಕಿತು. ಮರುವರ್ಷ, 1929ರಲ್ಲಿ, ಭೂ ಅಡಮಾನ ಬ್ಯಾಂಕ್ ಶುರುವಾಯಿತು. ಇವತ್ತು ತಾಲ್ಲೂಕಿನಲ್ಲಿ ನಾವು ಪಿಎಲ್‌ಡಿ ಬ್ಯಾಂಕ್ ಅನ್ನುವುದರ ಬೇರು ಅಲ್ಲಿದೆ. ಅದರ ಒಂದು ಮುಖ್ಯ ಕೆಲಸ ಹೊಸ ತೋಟಕ್ಕೆ ದುಡ್ಡು ಕೊಡುವುದಾಗಿರಲಿಲ್ಲ, ಸಾಹುಕಾರರ ಹಳೇ ಸಾಲ ತೀರಿಸಿ ಅದನ್ನು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವಾಗಿ ಬದಲಾಯಿಸುವುದಾಗಿತ್ತು. ಮುಳುಗಿದವರನ್ನು ಮೊದಲು ದಡಕ್ಕೆ ಎಳೆಯಬೇಕು ಅನ್ನೋ ತಿಳಿವಳಿಕೆ ಅದು.

1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಹುಟ್ಟಿತು. ಸರಕು, ಬೆಟ್ಟೆ, ರಾಶಿ, ಗೊರಬಲು ಯಾವುದೇ ಇರಲಿ, ಸಂಘಕ್ಕೆ ಹಾಕಿ ಅದರ ಮೇಲೆ ಮುಂಗಡ ಪಡೆಯುವ ದಾರಿ ತೆರೆಯಿತು. ಬೆಳೆಗಾರರ ಹೆಸರು ಸಾಹುಕಾರರ ಪುಸ್ತಕದಿಂದ ಸಂಘದ ಪುಸ್ತಕಕ್ಕೆ ಬಂತು. ಎರಡೂ ಪುಸ್ತಕವೇ. ಆದರೆ ಸಂಘದ ಪುಸ್ತಕ ಬರೆಯುವವರಿಗೆ ನಿಮ್ಮ ತೋಟ ಗೊತ್ತು, ಯಾವ ವರ್ಷ ಕೊಳೆ ಬಿತ್ತು ಅನ್ನೋದೂ ಗೊತ್ತು.

ಪಾಪರ್ ಅನ್ನೋ ಹಣೆಪಟ್ಟಿ

ಪೂರ್ತಿ ಮುಳುಗಿದವರಿಗೆ ಇದ್ದದ್ದು ಪಾಪರ್ ಅರ್ಜಿ. ಬ್ರಿಟಿಷ್ ಇಂಡಿಯಾದಲ್ಲಿ 1920ರಲ್ಲಿ ಬಂದ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಒಂದು ಕುತೂಹಲದ ಮಾತಿದೆ. ಸಾಲಗಾರರ ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಆಗದಿದ್ದರೆ ಕೋರ್ಟು ಪೂರ್ತಿ ಬಿಡುಗಡೆ ಕೊಡುವಂತಿಲ್ಲ. ಆದರೆ ಹಾಗಾದದ್ದು ತನ್ನ ತಪ್ಪಿನಿಂದಲ್ಲ ಎಂದು ತೋರಿಸಿಕೊಟ್ಟರೆ ಕೊಡಬಹುದು. ಅಂದರೆ ನೂರು ವರ್ಷದ ಹಿಂದಿನ ಕಾನೂನೂ ‘ಇದು ನಿನ್ನ ತಪ್ಪೇ?’ ಎಂದು ಒಮ್ಮೆ ಕೇಳುತ್ತಿತ್ತು.

ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯ್ದೆ ಇನ್ನೂ ಮುಂದೆ ಹೋಯಿತು. ಸಣ್ಣ ರೈತರು, ಭೂಹೀನ ಕೂಲಿಕಾರರು, ದುರ್ಬಲ ವರ್ಗದವರು ಖಾಸಗಿಯವರಲ್ಲಿ ಮಾಡಿದ ಸಾಲ ಮನ್ನಾ ಆಯಿತು, ಒತ್ತೆ ಇಟ್ಟ ವಸ್ತು ವಾಪಸ್ ಕೊಡಬೇಕಾಯಿತು. ಆದರೆ ಹಳೇ ಸಾಲ ಹೋಯಿತು ಅಂದ ಮಾತ್ರಕ್ಕೆ ಹೊಸ ಸಾಲ ಹುಟ್ಟೋದಿಲ್ಲ. ಮನ್ನಾ ಬೇರೆ, ನಂಬಿಕೆ ಬೇರೆ.

ತಪ್ಪು ಕೇಳದ ಅಂಕ

ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಇಂಥ ಕಂಪನಿಗಳಿಗೆ ಕಾನೂನು ಬಂದದ್ದು 2005ರಲ್ಲಿ. 300ರಿಂದ 900ರವರೆಗಿನ ಅಂಕದಲ್ಲಿ ಹಳದಿ ರೋಗಕ್ಕೆ ಜಾಗ ಇಲ್ಲ. ತೋಟ ಸತ್ತು ಕಂತು ತಪ್ಪಿದವರೂ, ಬೇಕೆಂದೇ ತಪ್ಪಿಸಿದವರೂ ಅಲ್ಲಿ ಒಂದೇ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರಿಗೂ ಒಂದು ಭಾಗ ಇದೆ. ಆದರೆ ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ ಉಳಿದವರಿಗೆ ಅದು ಇನ್ನೂ ಜಾರಿಯಾಗಿಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ನಮ್ಮ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿಸಿದ ಸಾಲ ಬಾಕಿ ಅಂತ ತೋರಿಸಿದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇನ್ನೊಂದು ವಿಷಯ: ರಾಜಿಯಲ್ಲಿ ಕಡಿಮೆ ಕಟ್ಟಿ ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಅಂತಲೇ ನಿಲ್ಲುತ್ತದೆ, ಪೂರ್ತಿ ತೀರಿದ ‘ಕ್ಲೋಸ್ಡ್’ ಆಗುವುದಿಲ್ಲ. ಉಳಿದ ಮೊತ್ತ ಕಟ್ಟಲು ಸಾಧ್ಯವಾದರೆ ಬ್ಯಾಂಕಿನಲ್ಲಿ ಮಾತಾಡಿ, ಕಟ್ಟಿದ ಮೇಲೆ ಬಾಕಿ ಇಲ್ಲ ಪತ್ರ ಪಡೆದು, ವರದಿ ತಿದ್ದಿಸಿ. ಆಮೇಲೆ ಬಂಗಾರದ ಮೇಲೋ, ಠೇವಣಿಯ ಮೇಲೋ ಒಂದು ಸಣ್ಣ ಸಾಲ. ಅದರ ಒಂದು ಕಂತೂ ತಪ್ಪಬಾರದು.

ಮಂಡಿಯ ಕಾಲದಿಂದ ಮೊಬೈಲ್ ಕಾಲದವರೆಗೆ ನಾವು ಕಂಡದ್ದು ಇಷ್ಟು. ಹೋದ ನಂಬಿಕೆ ಆನೆ ಕೊಟ್ಟರೆ ಬರಲಿಕ್ಕಿಲ್ಲ, ಕಂತಿನಲ್ಲಿ ಬರುತ್ತದೆ. ಆದರೆ ಕಂತು ಕಟ್ಟುವಷ್ಟು ಉಸಿರು ಬೇಕು. 1929ರಲ್ಲಿ ಆ ಉಸಿರು ಕೊಡಲು ಒಂದು ಬ್ಯಾಂಕನ್ನೇ ಕಟ್ಟಿದ್ದರು. ರೋಗದಿಂದ ತೋಟ ಕಳಕೊಂಡವರಿಗೆ ಇವತ್ತು ಅಂಥದ್ದನ್ನು ಯಾರು ಕಟ್ಟುತ್ತಾರೆ? ಗ್ರಾಮಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಾವೆಲ್ಲ ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿವರೆಗೆ ಒಂದು ಕೆಲಸ ಮಾಡಿ. ಅಜ್ಜನ ಕಾಲದ ಸಾಲಪತ್ರ, ಸೊಸೈಟಿ ಪಾಸ್‌ಬುಕ್ ಅಟ್ಟದ ಮೇಲೆ ಇದ್ದರೆ ಒಲೆಗೆ ಹಾಕಬೇಡಿ. ನಿಮ್ಮ ಬಾಕಿ ಇಲ್ಲ ಪತ್ರವನ್ನೂ ಅದರ ಜೊತೆಗೇ ಜೋಪಾನವಾಗಿ ಇಡಿ.